ನಾನು ಇಂಟರ್ನೆಟ್ಟಿನ ಮೋಜಣಿ ಮಾಡಿದ್ದು

ನಾನು ಹೊನ್ನಾವರದಲ್ಲಿ ಭೂಮಾಪಕ. ಇಪ್ಪತ್ತಾರು ವರ್ಷದಿಂದ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಗದ್ದೆ, ಗುಡ್ಡ, ಹಿತ್ತಲುಗಳನ್ನು ಅಳೆಯುತ್ತ ಬಂದಿದ್ದೇನೆ. ಅಣ್ಣತಮ್ಮಂದಿರು ಕತ್ತಿ ಹಿಡಿದು ನಿಂತ ಬೇಲಿಯ ನಡುವೆ ನಾನು ಟೇಪು ಹಿಡಿದು ನಿಂತಿದ್ದೇನೆ. ಇಂಥವನಿಗೆ ಅಂಗೈಯಗಲದ ಮೊಬೈಲಿನ ಇಂಟರ್ನೆಟ್ ಅಳೆಯುವುದು ಯಾವ ದೊಡ್ಡ ಕೆಲಸ? ಹಾಗಂತ ತಿಳಿದಿದ್ದೆ. ಬರೀ ತಿಳಿದು ಸುಮ್ಮನಿದ್ದರೆ ಚಿಂತೆಯಿರಲಿಲ್ಲ. ಅಳೆದೂ ಬಿಟ್ಟೆ!

ನನ್ನ ಹೆಂಡತಿ ಗೀತಾ ಗಣಿತದ ಟೀಚರ್. ಹನ್ನೊಂದು ವರ್ಷದಿಂದ ಅತಿಥಿ ಶಿಕ್ಷಕಿ. ಪ್ರತಿ ಜೂನ್‌ನಲ್ಲಿ ಕರೆಯುತ್ತಾರೋ ಇಲ್ಲವೋ ಎಂದು ಫೋನು ನೋಡುತ್ತ ಕೂರುವ ಬಾಳು. ಕೊನೆಗೂ ಕುಮಟೆಯ ಒಂದು ಶಾಲೆಯಲ್ಲಿ ಕಾಯಂ ಹುದ್ದೆ ಖಾಲಿಯಾಯಿತು. ಸೋಮವಾರ ಹನ್ನೊಂದು ಗಂಟೆಗೆ ಆನ್‌ಲೈನ್ ಸಂದರ್ಶನ. ಅವಳ ಸಿಮ್ಮಿಗೆ ಕರ್ಕಿಯ ನಮ್ಮ ಮನೆಯೊಳಗೆ ಸಿಗ್ನಲ್ಲಿನ ಒಂದು ಕಡ್ಡಿಯೂ ಬರುವುದಿಲ್ಲ. ಹಾಗಾಗಿ ನನ್ನ ಮೊಬೈಲಿನಿಂದ ಅವಳ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಡುವುದು ಎಂದು ತೀರ್ಮಾನವಾಯಿತು.

ಶನಿವಾರ ಅವಳು ಗೆಳತಿಯೊಬ್ಬಳ ಜೊತೆ ವಿಡಿಯೊ ಕರೆ ಮಾಡಿ ಅಭ್ಯಾಸಕ್ಕೆ ಕೂತಳು. ‘ನಮಸ್ಕಾರ’ದ ನಡುವೆ ಚಿತ್ರ ನಿಂತೇ ಹೋಯಿತು.

“ಸೋಮವಾರವೂ ಹಿಂಗೇ ಆದ್ರೆ ನನ್ನ ಕಥೆ ಮುಗೀತು. ನಾನು ಸಾವಿತ್ರಕ್ಕನ ಮನೆಯಲ್ಲಿ ಕೂತು ಕೊಡ್ತೇನೆ. ಅವರಲ್ಲಿ ವೈಫೈ ಇದೆ” ಎಂದಳು.

ಸಾವಿತ್ರಕ್ಕ ನಮ್ಮ ಪಕ್ಕದ ಮನೆಯವರು. ಆ ವೈಫೈಯಲ್ಲಿ ಅವರು ಮಾಡುವ ಮಹತ್ಕಾರ್ಯವೆಂದರೆ ಧಾರಾವಾಹಿ ನೋಡುವುದು.

“ಧಾರಾವಾಹಿಯ ವೈಫೈಯಲ್ಲಿ ಸಂದರ್ಶನ ಕೊಡ್ತೀಯಾ? ಸರ್ಕಾರಿ ಭೂಮಾಪಕನ ಹೆಂಡತಿ ನೀನು! ಕಂಪನಿಯವರು ಎಲ್ಲಿ ಮೋಸ ಮಾಡ್ತಿದ್ದಾರೆ ಅಂತ ನಾನು ಅಳೆದು ತೋರಿಸ್ತೇನೆ.”

ವೇಗ ಅಳೆಯುವ ಆ್ಯಪ್ ಒಂದನ್ನು ಇಳಿಸಿಕೊಂಡೆ. ಸ್ಕೂಟರಿನಲ್ಲಿರುವಂಥ ಮುಳ್ಳು ನಡುಗುತ್ತ ಏರಿ ಹನ್ನೆರಡಕ್ಕೆ ನಿಂತಿತು. ಅಂದರೆ ಸೆಕೆಂಡಿಗೆ ಹನ್ನೆರಡು ಎಂಬಿ. ಸರಿ, ಪರೀಕ್ಷಿಸೋಣ ಎಂದು ಅರವತ್ತು ಎಂಬಿಯ ಹಳೆಯ ನಕಾಶೆಯೊಂದನ್ನು ಇಳಿಸತೊಡಗಿದೆ. ಐದೇ ಸೆಕೆಂಡಿನಲ್ಲಿ ಬರಬೇಕಲ್ಲ? ಗಡಿಯಾರ ಹಿಡಿದು ಕೂತೆ. ನಲವತ್ತು ಸೆಕೆಂಡು! ಸೆಕೆಂಡಿಗೆ ಒಂದೂವರೆ!

“ಕಳ್ಳರು!” ಎಂದು ಎದ್ದು ನಿಂತೆ.

ಗೀತಾ ಬಗ್ಗಿ ನೋಡಿದಳು. “ವೇಗದ ಹತ್ತಿರ ಸಣ್ಣ ಬಿ ಉಂಟು, ಫೈಲಿನ ಹತ್ತಿರ ದೊಡ್ಡ ಬಿ ಉಂಟು. ಎರಡೂ ಒಂದೇ ಅಲ್ಲ ಮಾರಾಯ್ರೆ.”

“ಅಕ್ಷರ ದೊಡ್ಡದು ಬರೆದ್ರೆ ಇಂಟರ್ನೆಟ್ ಜೋರಾಗಿ ಓಡ್ತದಾ? ನೀನು ಸಂದರ್ಶನಕ್ಕೆ ಓದು. ಅಳತೆ ನನಗೆ ಬಿಡು.”

ಅವಳು ಬಿಟ್ಟಳು. ನಾನು ಕಂಪನಿಗೆ ದೂರು ಬರೆಯತೊಡಗಿದೆ. “ಸದರಿ ಗ್ರಾಹಕನಿಗೆ ತಲುಪಬೇಕಾದ ಹನ್ನೆರಡು ಎಂಬಿಯ ಪೈಕಿ ಒಂದೂವರೆ ಮಾತ್ರ ತಲುಪುತ್ತಿದ್ದು, ಉಳಿದ ಹತ್ತೂವರೆ ಎಂಬಿಯು ಮಾರ್ಗಮಧ್ಯದಲ್ಲಿ ಯಾರಿಂದ ಒತ್ತುವರಿಯಾಗಿದೆ ಎಂಬ ಬಗ್ಗೆ ಕೂಡಲೇ ಸ್ಥಳ ತನಿಖೆ ನಡೆಸತಕ್ಕದ್ದು.” ಓದಿಕೊಂಡಾಗ ನನಗೇ ರೋಮಾಂಚನವಾಯಿತು. ಆದರೆ ದೂರಿಗೆ ನಕ್ಷೆ ಲಗತ್ತಿಸಬೇಡವೇ?

ಭಾನುವಾರ ನಕ್ಷೆ ಹಾಕಿದೆ. ಜಗಲಿ, ಅಡುಗೆಮನೆ, ಬಾವಿಕಟ್ಟೆ, ತೆಂಗಿನ ಬುಡ ಹೀಗೆ ಹದಿನೈದು ಜಾಗಗಳಲ್ಲಿ ಗೂಟ ಹೊಡೆದು ಸುಣ್ಣದಲ್ಲಿ ನಂಬರು ಬರೆದೆ. ಒಳಗೆ ಗೂಟ ಹೊಡೆಯಲು ಗೀತಾ ಬಿಡಲಿಲ್ಲ, ಅಲ್ಲಿ ಬರೀ ಸುಣ್ಣ. ಎಲ್ಲ ಕಡೆ ಅಳೆದೆ. ಅಡುಗೆಮನೆಯಲ್ಲಿ ಐದು, ಜಗಲಿಯಲ್ಲಿ ಹನ್ನೆರಡು. ಹಿತ್ತಲ ಪಾಯಖಾನೆಯ ಬಾಗಿಲಲ್ಲಿ ಮೂವತ್ತೊಂದು!

“ಸಿಕ್ಕಿತು ಜಾಗ!” ಎಂದು ಕೂಗಿದೆ.

“ಎಂತ? ಪಾಯಖಾನೆ ಬಾಗಿಲಲ್ಲಿ ಕೂತು ಸಂದರ್ಶನ ಕೊಡುದಾ ನಾನು?”

“ಹಿಂದೆ ಬೆಡ್‌ಶೀಟ್ ಕಟ್ಟಿದ್ರೆ ಆತು. ಅವರಿಗೆ ಎಂತ ಗೊತ್ತಾಗ್ತದೆ?”

ಅವಳು ಹನ್ನೊಂದು ವರ್ಷ ಕಾದವಳು. ಸಾವಿತ್ರಕ್ಕನ ಮನೆಯ ಮಾತೆತ್ತಿದರೆ ನಾನು ಬಿಡುವವನಲ್ಲವೆಂದು ಒಪ್ಪಿದಳು. ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಹೂವಿನ ಬೆಡ್‌ಶೀಟ್ ಕಟ್ಟಿ, ಬೆಂಚು ಮೇಜು ಹೂಡಿದೆ. ಗೀತಾ ಮೈಸೂರು ಸಿಲ್ಕ್ ಉಟ್ಟು ತಯಾರಾಗುತ್ತಿದ್ದಳು. ಮೋಜಣಿಯಲ್ಲಿ ಒಂದೇ ಸಲ ಅಳೆದು ಸಹಿ ಹಾಕುವ ಪದ್ಧತಿಯಿಲ್ಲ. ಆದ್ದರಿಂದ ಸುಣ್ಣದ ಡಬ್ಬಿ ಹಿಡಿದು ಹದಿನೈದು ಜಾಗಗಳನ್ನೂ ಮತ್ತೊಮ್ಮೆ, ಜಾಗಕ್ಕೆ ಮೂರು ಸಲದಂತೆ ಅಳೆಯುತ್ತ ಹೋದೆ. ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಕೊನೆಯ ಜಾಗಕ್ಕೆ ಬಂದೆ. ಮುಳ್ಳು ಮೇಲೇಳಲೇ ಇಲ್ಲ. ಸೊನ್ನೆಯ ಪಕ್ಕದಲ್ಲಿ ಸತ್ತಂತೆ ಮಲಗಿತ್ತು.

ನನಗಾದ ಸಂತೋಷ ಹೇಳತೀರದು. “ಸಿಕ್ಕಿಬಿದ್ರು! ಸಾಕ್ಷಿ ಸಮೇತ ಸಿಕ್ಕಿಬಿದ್ರು!” ಎಂದು ಸ್ಕ್ರೀನ್‌ಶಾಟ್ ತೆಗೆದೆ.

“ಸಂದರ್ಶನ ತೆರೀತಾ ಇಲ್ಲ!” ಎಂದು ಬೆಂಚಿನಿಂದ ಗೀತಾ ಕೂಗಿದಳು. “ಎಂತ ಆತು?”

ಗ್ರಾಹಕ ಸೇವೆಗೆ ಫೋನು ಹಚ್ಚಿದೆ. ಒಂದು ಒತ್ತಿ, ಎರಡು ಒತ್ತಿ, ಕೊನೆಗೆ ಒಬ್ಬ ಹೆಣ್ಣುಮಗಳು ಸಿಕ್ಕಳು. ದೂರಿನ ಮೊದಲ ವಾಕ್ಯವನ್ನು ಪೂರ್ತಿ ಓದಿದೆ. ಅವಳು ತಾಳ್ಮೆಯಿಂದ ಕೇಳಿ ಹೇಳಿದಳು: “ಸರ್, ನಿಮ್ಮ ಇವತ್ತಿನ ಎರಡು ಜಿಬಿ ಮುಗಿದಿದೆ. ಮುಗಿದ ಮೇಲೆ ವೇಗ ಇಳೀತದೆ. ಬೆಳಿಗ್ಗೆಯಿಂದ ದೊಡ್ಡ ಸಿನಿಮಾ ಏನಾದ್ರೂ ನೋಡಿದ್ರಾ?”

“ಸಿನಿಮಾ ಅಲ್ಲ. ವೇಗ ಅಳೀತಾ ಇದ್ದೆ.”

“ಎಷ್ಟು ಸಲ ಸರ್?”

“ನಲವತ್ತು... ನಲವತ್ತೈದು ಸಲ ಇರಬಹುದು.”

“ಅಳೆಯುವಾಗ ಪ್ರತಿ ಸಲವೂ ಡೇಟಾ ಖರ್ಚಾಗ್ತದೆ ಸರ್. ಎಲ್ಲಾ ಅಳತೆಗೇ ಹೋಗಿದೆ.”

ಬೇರೆ ಪ್ಯಾಕ್ ಹಾಕಿಕೊಳ್ಳಲು ಕಂಪನಿಯ ಆ್ಯಪ್ ತೆರೆದೆ. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಡೇಟಾ ಹಾಕಿಸಿಕೊಳ್ಳಲಿಕ್ಕೂ ಡೇಟಾ ಬೇಕು!

ತಲೆಯೆತ್ತಿ ನೋಡಿದರೆ ಬೆಂಚು ಖಾಲಿ. ಲ್ಯಾಪ್‌ಟಾಪ್ ಎದೆಗವಚಿಕೊಂಡ ಗೀತಾ, ಸೀರೆ ಎತ್ತಿ ಹಿಡಿದು, ಸಾವಿತ್ರಕ್ಕನ ಮನೆಯ ಕಂಪೌಂಡ್ ದಾಟುತ್ತಿದ್ದಳು.

ಅಲ್ಲಿಗೇ ಸುಮ್ಮನಿದ್ದರೆ ನಾನು ಮನುಷ್ಯನೇ. ಐದು ನಿಮಿಷದಲ್ಲಿ ಹೇಗೋ ಪ್ಯಾಕ್ ಬಿತ್ತು. ಉಟ್ಟ ಲುಂಗಿಯಲ್ಲೇ, ಕೈಯಲ್ಲಿ ಸುಣ್ಣದ ಡಬ್ಬಿ ಹಿಡಿದೇ ಓಡಿದೆ. ಗೀತಾ ಕೂತಿದ್ದ ಸಾವಿತ್ರಕ್ಕನ ಅಡುಗೆಮನೆಗೆ ನುಗ್ಗಿ, “ಬಂತು, ಬಂತು! ಮೂವತ್ತೊಂದು ಬಂತು!” ಎಂದು ಕೂಗಿದೆ.

ಲ್ಯಾಪ್‌ಟಾಪಿನ ಪರದೆಯಲ್ಲಿ ಮೂರು ಮುಖಗಳು ನನ್ನನ್ನು ನೋಡಿದವು. ನಡುವಿನವರು ಮುಖ್ಯಾಧ್ಯಾಪಕರು. “ಮೇಡಂ, ಹಿಂದೆ ನಿಂತವರು ಯಾರು?” ಎಂದರು.

ಗೀತಾ ತಿರುಗಿಯೂ ನೋಡಲಿಲ್ಲ. “ನೆಟ್‌ವರ್ಕ್ ನೋಡ್ಲಿಕ್ಕೆ ಬಂದವರು ಸರ್.”

ಹೊರಗೆ ಹೋಗಲು ಕ್ಯಾಮೆರಾದ ಮುಂದೆಯೇ ಹಾಯಬೇಕು. ನಾನು ಮೂಲೆಯಲ್ಲಿದ್ದ ವೈಫೈ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ವೈರುಗಳನ್ನು ಗಂಭೀರವಾಗಿ ಪರಿಶೀಲಿಸತೊಡಗಿದೆ. ಸಾವಿತ್ರಕ್ಕ ಸೆರಗು ಬಾಯಿಗೊತ್ತಿ ಬಾಗಿಲ ಹಿಂದೆ ಹೋದರು.

“ಅಳತೆಯ ಮಾನಗಳು. ಎಂಟನೇ ತರಗತಿಗೆ ಐದು ನಿಮಿಷ ಪಾಠ ಮಾಡಿ ತೋರಿಸಿ” ಎಂದರು ಮುಖ್ಯಾಧ್ಯಾಪಕರು.

ಗೀತಾ ಒಂದು ಕ್ಷಣ ಯೋಚಿಸಿದಳು. “ಮಕ್ಕಳೇ, ಎಂಟು ತಂಬಿಗೆ ನೀರು ಸುರಿದ್ರೆ ಒಂದು ಕೊಡ ತುಂಬ್ತದೆ ಅಂತ ಇಟ್ಕೊಳ್ಳಿ. ಒಬ್ಬರು ಹನ್ನೆರಡು ತಂಬಿಗೆ ಕೊಡ್ತೇನೆ ಅಂದ್ರು, ಕೊಟ್ರು. ಪಡೆದವರು ಕೊಡದಲ್ಲಿ ಎಣಿಸಿದ್ರು. ಒಂದೂವರೆ ಕೊಡ ಆತು. ಉಳಿದ ಹತ್ತೂವರೆ ಕದ್ರು ಅಂತ ಊರೆಲ್ಲ ಕೂಗಿದ್ರು. ಹೇಳಿ, ಕದ್ದದ್ದು ಯಾರು? ಇಂಟರ್ನೆಟ್ ವೇಗ ಹೇಳುವುದು ಬಿಟ್‌ನಲ್ಲಿ, ಅದು ತಂಬಿಗೆ. ಫೈಲು ಅಳೆಯುವುದು ಬೈಟ್‌ನಲ್ಲಿ, ಅದು ಕೊಡ. ಎಂಟು ಬಿಟ್‌ಗೆ ಒಂದು ಬೈಟ್.”

ಮೂವರೂ ಗಟ್ಟಿಯಾಗಿ ನಕ್ಕರು. ನಾನು ವೈರು ನೋಡುತ್ತಿದ್ದೆ. ಇಪ್ಪತ್ತಾರು ವರ್ಷದ ಅನುಭವವೆಲ್ಲ ಆ ತಂಬಿಗೆಯಲ್ಲಿ ಮುಳುಗಿತು.

ವಾರದೊಳಗೆ ನೇಮಕಾತಿ ಪತ್ರ ಬಂತು. ಗೀತಾ ಅದನ್ನು ಎರಡು ಸಲ ಓದಿ, ಮೂರನೆಯ ಸಲ ಓದಲಾರದೆ ಕಣ್ಣೊರೆಸಿಕೊಂಡಳು. ಅವಳು ಕೆಲಸಕ್ಕೆ ಸೇರುವ ದಿನ ನಾನೇ ಬೈಕಿನಲ್ಲಿ ಕುಮಟೆಗೆ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಅಂಗಿ, ಪೌಡರು, ಭೂಮಾಪಕನ ಗತ್ತು ಎಲ್ಲವನ್ನೂ ಹಾಕಿಕೊಂಡಿದ್ದೆ.

ಮುಖ್ಯಾಧ್ಯಾಪಕರು ಬಾಗಿಲಲ್ಲೇ ಸಿಕ್ಕರು. ನನ್ನನ್ನು ಕಂಡು ಅವರ ಮುಖ ಅರಳಿತು.

“ಓಹೋ, ನೆಟ್‌ವರ್ಕಿನವರು! ಮೇಡಂ ನಿಮ್ಮನ್ನೂ ಕರ್ಕೊಂಡು ಬಂದ್ರಲ್ಲ, ಒಳ್ಳೇದಾತು. ಆಫೀಸಿನ ವೈಫೈ ನಾಲ್ಕು ದಿನದಿಂದ ಸತ್ತು ಬಿದ್ದಿದೆ.”

ನಾನು ಗೀತಾಳ ಮುಖ ನೋಡಿದೆ. ಅವಳು ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದಳು. ನಾನು ಗಂಡ ಎಂದರೆ, ಸಂದರ್ಶನದಲ್ಲಿ ಅವಳು ಹೇಳಿದ್ದು ಸುಳ್ಳಾಗುತ್ತದೆ. ಅದೂ ಕೆಲಸದ ಮೊದಲ ದಿನ.

“ಏಣಿ ಉಂಟಾ ಸರ್?” ಎಂದೆ.

ಉಂಟಂತೆ. ಹತ್ತಿದೆ.