ಮಾಳಿಗೆಯ ಮಣ್ಣು, ಮೊಮ್ಮಗಳ ತೊಟ್ಟಿಲು

ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಹೀಗಾಗಿ ಗೊತ್ತಿಲ್ಲದ್ದನ್ನು ಗಟ್ಟಿ ದನಿಯಲ್ಲಿ ಹೇಳುವುದು ನನಗೆ ರೂಢಿ. ನಮ್ಮ ಕಮಲಾಪುರದಲ್ಲಿ ಭೂಮಿ ನಡುಗುವುದಿಲ್ಲ ಎಂದೂ ಹಾಗೆಯೇ ಹೇಳುತ್ತಿದ್ದೆ. ರಾಜ್ಯದ ಗಡಿಯಾಚೆ ಭೂಕಂಪವಾದ ವರ್ಷ ನಮ್ಮ ಅಡುಗೆಮನೆಯ ತಟ್ಟೆಗಳೂ ಗಲಗಲ ಎಂದಿದ್ದವು. ನಾನು ಬೆಕ್ಕನ್ನು ಬೈದು ಸುಮ್ಮನಾಗಿದ್ದೆ.

ಕೆಲವು ವರ್ಷಗಳ ಮೇಲೆ ಮಗಳು ಕಲಬುರಗಿಯ ಆಸ್ಪತ್ರೆಯಲ್ಲಿ ಹೆತ್ತಳು. ಹೆಣ್ಣು ಕೂಸು. ಮೂಗು ನನ್ನದೇ, ಯಾರೂ ಒಪ್ಪಲಿಲ್ಲ, ಆ ಮಾತು ಬೇರೆ. ನಾನೊಬ್ಬನೇ ಊರಿಗೆ ಮರಳುವಾಗ ಬಸ್ಸಿನಲ್ಲಿದ್ದವರಿಗೆಲ್ಲ ಪೇಢೆ ಹಂಚಿದೆ, ಕಂಡಕ್ಟರನಿಗೆ ಎರಡು. ಬಾಣಂತನ ತವರಿನಲ್ಲೇ ಆಗಬೇಕಲ್ಲ. ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿದೆ.

ಅಳಿಯ ಎಂಜಿನಿಯರ. ಬಾಣಂತಿಯನ್ನೂ ಕೂಸನ್ನೂ ಕಳಿಸುವ ಮೊದಲು ಮನೆ ನೋಡಲು ಬಂದವನು ತೊಟ್ಟಿಲು ನೋಡದೆ ಮಾಳಿಗೆ ನೋಡಿದ. ನನಗೆ ಹಿಗ್ಗು. ಕಲ್ಲಿನ ಗೋಡೆ, ತೊಲೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹೊತ್ತು ಹಾಕಿ ಬಡಿಯುತ್ತೇನೆ, ನಲವತ್ತು ವರ್ಷದಲ್ಲಿ ಒಂದು ಹನಿ ಸೋರಿಲ್ಲ ಎಂದು ಮೇಲೆ ಕರೆದೊಯ್ದು ತೋರಿಸಿದೆ. ಅವನು ಬೆಳಕಿಂಡಿಯ ಅಂಚಿನಲ್ಲಿ ಕೈಯಿಟ್ಟು ಮಣ್ಣಿನ ದಪ್ಪ ಅಳೆದ. ಮೊಣಕೈ ದಾಟಿತು.

“ಮಾವಾರ, ಹಳೇ ಮಣ್ಣು ಯಾವಾಗರೆ ತೆಗದೀರೇನ್ರಿ?”

ತೆಗೆಯುವುದೇ? ಅದು ನನಗೆ ಹೊಳೆದೇ ಇರಲಿಲ್ಲ.

ನಮ್ಮ ಕಡೆ ನೆಲ ನಡುಗುವ ಸಂಭವ ಕಡಿಮೆ, ಆದರೆ ನಡುಗಿದರೆ ಈ ಗೋಡೆಗಳು ಇಷ್ಟು ಭಾರ ತಾಳಲಾರವು ಎಂದ. ನಾನು ‘ಕಡಿಮೆ’ ಎಂಬುದೊಂದನ್ನೇ ಹಿಡಿದುಕೊಂಡೆ. ಹಾಗಾದರೆ ಚಿಂತೆ ಯಾಕೆ ಎಂದೆ.

“ನಿಮ್ಮ ಆಯುಷ್ಯಕ್ಕ ಲೆಕ್ಕ ಹಾಕಿದ್ರ ಚಿಂತಿ ಇಲ್ರೀ. ಕೂಸಿನ ಆಯುಷ್ಯಕ್ಕ ಹಾಕಬೇಕಲ್ರೀ.”

ಬೆಳಕಿಂಡಿಯಲ್ಲಿ ಇಣುಕಿ ಕೆಳಗಿನ ತೊಟ್ಟಿಲು ನೋಡಿದೆ. ಒಂದೊಂದು ಬುಟ್ಟಿ ಮಣ್ಣನ್ನೂ ನಾನೇ ಹೊತ್ತು ಆ ತೊಟ್ಟಿಲ ನೆತ್ತಿಯ ಮೇಲೆ ಇಟ್ಟಿದ್ದೆ, ಅದೂ ಅಭಿಮಾನದಿಂದ.

ಮರುದಿನವೇ ಗುದ್ದಲಿ ಹಿಡಿದು ಏರಿದೆ. ಅಳಿಯ ಹೇಳಿದಂತೆ ಒಂದು ಗೇಣು ಉಳಿಸಿ ಮಿಕ್ಕಿದ್ದನ್ನು ಇಳಿಸತೊಡಗಿದೆ. ಅಂಗಳದಲ್ಲಿ ಗುಡ್ಡ ಬೆಳೆಯಿತು. ಕೆಳಗಿನಿಂದ ನನ್ನಾಕೆ, “ನಲವತ್ ವರ್ಷ ಮಣ್ಣು ಏರ್ಸಿದ್ರಿ, ಈಗ ಇಳಸಾಕತ್ತೀರಿ. ನೀವರೆ ಉಣ್ಣಾಕ ಯಾವಾಗ ಇಳೀತೀರಿ?” ಎಂದಳು.

ಮತ್ತೆ ಬಂದು ನೋಡಿದ ಅಳಿಯ, ಭಯ ಪೂರಾ ಹೋಗಿಲ್ಲ, ಕಡಿಮೆಯಾಗಿದೆ ಅಷ್ಟೇ ಎಂದ. ಆದರೂ ಕೂಸನ್ನು ಕಳಿಸಿದ. ಅದು ನನ್ನ ಮೂಗು ಹೊತ್ತು ತೊಟ್ಟಿಲಲ್ಲಿ ಮಲಗಿದಾಗ ನನ್ನ ಎದೆಯೇ ನಡುಗಿತು.

ಮೊದಲ ಮಳೆಗೆ ತೊಟ್ಟಿಲಿನಿಂದ ಮಾರು ದೂರದಲ್ಲಿ ಟಪ್ಪೆಂದಿತು. ನಲವತ್ತು ವರ್ಷದ ಮಾನ ಒಂದೇ ಹನಿಗೆ ಹೋಯಿತು. ಸೋರುವಲ್ಲಿ ಪಾತ್ರೆಯಿಟ್ಟೆ. ಸ್ವಲ್ಪ ಹೊತ್ತಿಗೆ ಅಳಿಯ ಬಾಗಿಲಿಗೆ ಬಂದು, ಮಾಳಿಗೆ ಸೋರುತ್ತದೆಯೇ ಎಂದು ಕೇಳಿದ. ಅರ್ಧ ತುಂಬಿದ ಪಾತ್ರೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು, “ಸಂಭವ ಕಡಿಮಿ ಅದರೀ” ಎಂದೆ.