ಮಾವನ ಕಿರುಬೆರಳಿನ ಉಗುರು

ನಮ್ಮ ಸೋದರಮಾವನ ಮೈಯಲ್ಲಿ ಅತ್ಯಂತ ಬೆಲೆಬಾಳುವ ಅಂಗ ಯಾವುದು ಗೊತ್ತೇ? ತಲೆಯಂತೂ ಅಲ್ಲ, ಅದು ಹೆಲ್ಮೆಟ್ ಇಲ್ಲದೆಯೇ ದಾಂಡೇಲಿಯೆಲ್ಲ ಸುತ್ತುತ್ತದೆ. ಬಲಗೈ ಕಿರುಬೆರಳಿನ ಉಗುರು! ಅದಕ್ಕೆ ಮಾತ್ರ ಹೆಲ್ಮೆಟ್ ಉಂಟು, ಹಳೆಯ ಬಾಲ್‌ಪೆನ್ನಿನ ನೀಲಿ ಟೋಪಿ. ನಮ್ಮ ಮನೆತನದ ಮದುವೆ ಫೋಟೋಗಳಲ್ಲೆಲ್ಲ ವಧೂವರರ ಪಕ್ಕದಲ್ಲಿ ಒಂದು ನೀಲಿ ಬೆರಳು ಇದ್ದೇ ಇರುತ್ತದೆ. ಮಾವನ ಹೆಸರು ಹೇಳಲಾರೆ. ಯಾಕೆಂಬುದು ನಿಮಗೇ ತಿಳಿಯುತ್ತದೆ.

ಕಾಗದದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮಾವ ಮನೆಯ ಎದುರಿಗೇ ತಗಡಿನ ಶೆಡ್ಡು ಹಾಕಿ ಹುಲ್ಲು ಕತ್ತರಿಸುವ ಮಷೀನುಗಳ ರಿಪೇರಿಗೆ ಕೂತರು. ಗಿರಾಕಿಗಳಿಗೆ ಬರವಿಲ್ಲ. ನಮ್ಮ ಕಡೆ ಎರವಲು ತಂದ ಪಾತ್ರೆಯನ್ನು ಯಾರೂ ಬರಿದಾಗಿ ಮರಳಿಸುವುದಿಲ್ಲ, ಹಿಡಿ ಅಕ್ಕಿಯನ್ನಾದರೂ ಹಾಕಿ ಕೊಡುತ್ತಾರೆ. ಮಷೀನಿಗೂ ಅದೇ ಮರ್ಯಾದೆ! ಟ್ಯಾಂಕಿನ ತುಂಬ ಪೆಟ್ರೋಲ್ ಹಾಕಿ ಮರಳಿಸುತ್ತಾರೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಬೇಕೆಂಬುದು ಯಾರಿಗೆ ನೆನಪಿರುತ್ತದೆ? ಹತ್ತೇ ನಿಮಿಷಕ್ಕೆ ಪಿಸ್ಟನ್ ಕರಗಿ ಸಿಲಿಂಡರಿಗೆ ಮೆತ್ತಿಕೊಂಡು ಎಂಜಿನ್ ಸೀಜ್! ಹೀಗೆ ಒಳ್ಳೆಯತನದಿಂದ ಸತ್ತ ಎಂಜಿನ್ನುಗಳೇ ಮಾವನ ಶೆಡ್ಡಿಗೆ ಬರುತ್ತವೆ.

ಆ ಸಿಲಿಂಡರಿನ ಒಳಮೈಗೆ ಕೂದಲಿಗಿಂತ ತೆಳುವಾದ ಗಟ್ಟಿ ಲೇಪವಿರುತ್ತದೆ. ಲೇಪ ಉಳಿದಿದ್ದರೆ ಮೆತ್ತಿದ ಅಲ್ಯೂಮಿನಿಯಂ ತೆಗೆದು ಹಗುರಾಗಿ ಉಜ್ಜಿ ಮತ್ತೆ ಹಾಕಬಹುದು. ಲೇಪ ಎದ್ದಿದ್ದರೆ ಸಿಲಿಂಡರ್ ಗುಜರಿಗೆ. ತೀರ್ಪು ಕೊಡುವುದು ಉಗುರು. ಜಾರಿದರೆ ಬದುಕಿತು, ಸಿಕ್ಕಿಕೊಂಡರೆ ಸತ್ತಿತು!

ಉಗುರು ಸಿಲಿಂಡರಿಗಷ್ಟೇ ತೃಪ್ತಿಪಟ್ಟಿದ್ದರೆ ಚೆನ್ನಾಗಿತ್ತು. ನನ್ನನ್ನು ನೋಡಲು ಬಂದ ಹಳಿಯಾಳದ ಮನೆಯವರು ಬೆಳ್ಳಿತಟ್ಟೆಯಲ್ಲಿ ಎಲೆ-ಅಡಿಕೆ ತಂದಿದ್ದರು. ಮಾವ ಟೋಪಿ ತೆಗೆದು ತಟ್ಟೆಯ ಅಂಚಿಗೆ ಉಗುರು ಎಳೆದು, "ಬೆಳ್ಳಿ ಅಲ್ಲರೀ ಇದು, ಬರೇ ಲೇಪ! ಅದೂ ಎದ್ದೈತಿ" ಎಂದುಬಿಟ್ಟರು. ಆ ಸಂಬಂಧವೂ ಅಲ್ಲಿಗೇ ಎದ್ದಿತು.

ಇನ್ನೆರಡು ಹುಚ್ಚುಗಳು ಈಚಿನವು. ಒಂದು, ಯಾವ ಸಿಲಿಂಡರನ್ನೂ ಮನೆಗೆ ಒಯ್ದು ದೇವರಿಗೆ ತೋರಿಸದೆ ಮರಳಿ ಕೂಡಿಸುವುದಿಲ್ಲ. ಎರಡು, ಮನೆಯ ಪಾತ್ರೆಯನ್ನೆಲ್ಲ ತಾವೇ ತಿಕ್ಕುತ್ತಾರೆ. ಅತ್ತೆ ಒಂದು ಚಮಚ ಮುಟ್ಟಿದರೂ ಗದರುತ್ತಾರೆ! ಓಣಿಯ ಹೆಂಗಸರು ಅತ್ತೆಯ ಪುಣ್ಯವನ್ನು ಹೊಗಳಿ, ತಮ್ಮ ಗಂಡಂದಿರನ್ನು ಬೈಯುತ್ತಾರೆ.

ಈ ಸಲ ಮಳೆಗಾಲದ ಮುಂಚೆ ನಾನು ಅಲ್ಲಿದ್ದಾಗ ಕುಂಬಾರವಾಡದಿಂದ ಒಬ್ಬ ಹೆಣ್ಣುಮಗಳು ಹೆಗಲ ಮೇಲೆ ಮಷೀನು ಹೊತ್ತು ಬಂದಳು. ಮಂದಿಯ ತೋಟದ ಹುಲ್ಲು ಕತ್ತರಿಸಿಯೇ ಅವಳ ಮನೆ ನಡೆಯಬೇಕು.

"ಬಾಜೂ ಮನಿಯಾಂವ ಒಯ್ದಿದ್ದನರೀ, ಟ್ಯಾಂಕ್ ತುಂಬಿಸಿ ಕೊಟ್ಟ. ಹೊಸಾ ಸಿಲಿಂಡರ್ ಹಾಕಸೂ ತಾಕತ್ತಿಲ್ಲರಿ ನನಗ. ಇದು ಸತ್ರ ಈ ವರ್ಷದ ಕೆಲಸ ಹೋದಂಗ."

"ನಾಕರ ಬಸ್ಸಿಗೆ ಹೋಗಾಕಿ ಅಲ್ಲ? ಕುಂಡ್ರವಾ" ಎಂದರು ಮಾವ.

ಸಿಲಿಂಡರ್ ಬಿಚ್ಚಿ, ಕಡ್ಡಿಗೆ ಹತ್ತಿ ಸುತ್ತಿ ಆಸಿಡ್ ಸವರಿದರು. ಮೆತ್ತಿದ್ದು ನೊರೆಯಾಗಿ ಬಿಟ್ಟುಕೊಂಡಿತು. ತೊಳೆದು, ಪಾತ್ರೆ ತಿಕ್ಕುವ ಹಸಿರು ಜುಂಗಿನಿಂದ ಅಡ್ಡಡ್ಡ ಉಜ್ಜಿದರು. ಆಮೇಲೆ ಟೋಪಿ ತೆಗೆದು, ಕಣ್ಣು ಮುಚ್ಚಿ, ಉಗುರು ಒಳಗಿಳಿಸಿದರು. ಆ ಹೆಣ್ಣುಮಗಳು ಸೆರಗು ಹಿಡಿದುಕೊಂಡು ಅವರ ಮುಖವನ್ನೇ ನೋಡುತ್ತಿದ್ದಳು.

"ದೇವರಿಗೆ ತೋರಿಸ್ಕೊಂಡ್ ಬರ್ತೇನಿ" ಎಂದು ಎದ್ದು ಹೋದರು.

ನನಗೆ ಒಳಗೊಳಗೇ ನಗು. ಅಷ್ಟರಲ್ಲಿ ನೋಡುತ್ತೇನೆ, ನೀಲಿ ಟೋಪಿ ಕಟ್ಟೆಯ ಮೇಲೇ ಉಳಿದಿದೆ! ಅದನ್ನು ಹಿಡಿದುಕೊಂಡು ಹಿಂದೆಯೇ ಹೋದೆ. ದೇವರ ಕೋಣೆ ಖಾಲಿ. ಅಡುಗೆಮನೆಯ ಕಿಟಕಿಯ ಬಳಿ ಅತ್ತೆ ಕಣ್ಣು ಮುಚ್ಚಿ ನಿಂತಿದ್ದರು, ಎದುರಿಗೆ ಸಿಲಿಂಡರ್ ಹಿಡಿದ ಮಾವ. ಸಿಲಿಂಡರಿನ ಒಳಗೆ ಇದ್ದದ್ದು ಅತ್ತೆಯ ಉಗುರು.

"ಮ್ಯಾಲೆಲ್ಲಾ ಜಾರತೈತ್ರಿ. ಈ ಕಿಂಡಿ ಹತ್ರ ಒಂಚೂರು ತಡೀತೈತಿ."

"ಸಿಗತೈತೋ, ಬರೇ ತಡೀತೈತೋ? ಸರಿಯಾಗಿ ನೋಡ. ಆಕೀ ಹೊಟ್ಟೀ ಪ್ರಶ್ನೆ ಐತಿ."

"ಬರೇ ತಡೀತೈತಿ. ಇನ್ನೊಮ್ಮೆ ಉಜ್ಜರಿ."

ಮಾವ ಮೋರಿಯ ಬಳಿ ಕೂತು ಉಜ್ಜಿದರು. ಅತ್ತೆ ಮತ್ತೆ ಉಗುರು ಇಳಿಸಿ, "ಹಾಂ, ಜಾರತು. ಬದುಕೈತಿ" ಎಂದರು.

ಆಗ ಮಾವ ನನ್ನನ್ನು ಕಂಡರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ, ತಮ್ಮ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು.

"ಎರಡು ವರ್ಷಾತವಾ. ಸಕ್ಕರಿ ಬ್ಯಾನಿಗೆ ಬೆರಳು ಜೋಮು ಹಿಡದಾವು. ಉಗುರು ಐತಿ, ಏನೂ ತಿಳಿಯಂಗಿಲ್ಲ."

"ಯಾರ ಮುಂದೂ ಹೇಳಬ್ಯಾಡ" ಎಂದರು ಅತ್ತೆ. "ಶೆಡ್ ಮುಚ್ಚಿ ಕುಂತ್ರ ಇವರು ಉಳಿಯೂದಿಲ್ಲ."

ಮಾವ ಸಿಲಿಂಡರಿಗೆ ಕುಂಕುಮ ಹಚ್ಚಿ ಒಯ್ದು, ಹೊಸ ಪಿಸ್ಟನ್ ಹಾಕಿ ಕೂಡಿಸಿ ಹಗ್ಗ ಎಳೆದರು. ಮಷೀನು ಹೊಗೆಯುಗುಳಿ ಕೂಗಿತು. ಆ ಹೆಣ್ಣುಮಗಳು ಮಾವನ ಉಗುರಿಗೆ ಕೈಮುಗಿದು ನಾಲ್ಕರ ಬಸ್ಸಿಗೆ ಓಡಿದಳು.

ಸಂಜೆ ಚಹಾ ಕುಡಿದ ಮೇಲೆ ಅತ್ತೆ ಮರೆತು ಕಪ್ಪುಗಳನ್ನು ತೊಳೆಯಲು ಎತ್ತಿಕೊಂಡರು.

"ಏ, ಇಡ ಅದನ್ನ! ಉಗುರು ಸವದು ಹೋದೀತು!" ಮಾವ ಕಪ್ಪು ಕಸಿದುಕೊಂಡರು.

ನೀಲಿ ಟೋಪಿ ಇನ್ನೂ ನನ್ನ ಕೈಯಲ್ಲೇ ಇತ್ತು. ಕೊಡಲು ಹೋದೆ. ಮಾವ ಅದನ್ನು ಇಸಿದುಕೊಂಡು, ಅಂಗಿಯ ತುದಿಯಿಂದ ಒರೆಸಿ, ಅತ್ತೆಯ ಕಿರುಬೆರಳಿಗೆ ಹಾಕಿದರು. ಆಮೇಲೆ ಕಪ್ಪು ತಿಕ್ಕಲು ಕೂತರು.