ನಮ್ಮತ್ತೆ ಚುಕ್ಕೆ ತೂಗಿದ್ದು

ಭೂಮಿಯ ಮೇಲಿನವರೆಲ್ಲರ ಜೊತೆ ಜಗಳ ಆಡಿ ಮುಗಿದಿದ್ದರಿಂದಲೇ ನಮ್ಮತ್ತೆ ಆಕಾಶಕ್ಕೆ ಕೈ ಹಾಕಿದಳು ಎಂಬುದು ನಮ್ಮ ಮನೆಯವರ ನಂಬಿಕೆ. ಅಪ್ಪನ ಅಕ್ಕ ಅವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ನೊಣವಿನಕೆರೆ ಹತ್ತಿರದ ತೆಂಗಿನ ತೋಟವನ್ನು ಒಬ್ಬಳೇ ನೋಡಿಕೊಂಡವಳು. ಅವಳ ಬಾಯಿಗೆ ಹೆದರದ ಕೊಬ್ಬರಿ ವ್ಯಾಪಾರಿ ತಿಪಟೂರಿನಲ್ಲೇ ಇರಲಿಲ್ಲ. ಅಂಥವಳು ಎಪ್ಪತ್ತರ ದಶಕದ ಕೊನೆಯಲ್ಲಿ ನಕ್ಷತ್ರ ನೋಡಲು ಶುರುಮಾಡಿದಳು ಎಂದರೆ ನೀವು ನಂಬುತ್ತೀರಾ? ನಾವೂ ನಂಬಿರಲಿಲ್ಲ!

ಇದಕ್ಕೆಲ್ಲ ಕಾರಣ ಪಕ್ಕದ ತೋಟದ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಕೆಲವು ನಕ್ಷತ್ರಗಳ ಬೆಳಕು ಹೆಚ್ಚುಕಡಿಮೆ ಆಗುತ್ತಿರುತ್ತದಂತೆ. ಅವನ್ನು ವರ್ಷಗಟ್ಟಲೆ ನೋಡಿ, ಎಷ್ಟು ಹೊಳೆದವು ಎಂದು ದೂರದೂರಿನ ಖಗೋಳ ಸಂಘದವರಿಗೆ ಬರೆದು ತಿಳಿಸುವುದು ಅವರ ಹುಚ್ಚು. ಅವರಿಗಿದ್ದ ಕೊರಗು ಒಂದೇ, ತಮ್ಮ ನಂತರ ಈ ಕೆಲಸ ನಿಂತುಹೋಗಬಾರದು. ಊರಿನ ಎಷ್ಟೋ ಜನಕ್ಕೆ ಕಲಿಸಲು ನೋಡಿದರು. ಎಲ್ಲರೂ ಒಂದೆರಡು ಸಂಜೆ ಕತ್ತು ನೋಯಿಸಿಕೊಂಡು ಪರಾರಿಯಾದರು.

ಅತ್ತೆ ಅಲ್ಲಿಗೆ ಹೋದದ್ದಾದರೂ ಕಲಿಯುವುದಕ್ಕೇ? ಜಗಳಕ್ಕೆ! ದಿನಾ ಸಂಜೆ ಮೇಷ್ಟ್ರು ಮಾಳಿಗೆ ಹತ್ತಿ, ದುರ್ಬೀನು ಹಿಡಿದು ತನ್ನ ಮರದ ಕಾಯಿ ಎಣಿಸುತ್ತಾರೆ ಎಂದು ಅವಳ ಅನುಮಾನ.

"ನನ್ನ ಕಾಯಿ ಮ್ಯಾಲೆ ಯಾಕ್ರೀ ನಿಮ್ಮ ಕಣ್ಣು?"

"ಕಾಯಲ್ಲ ಕಣಮ್ಮ, ಅದರ ಹಿಂದಿರೋ ಚುಕ್ಕೆ. ಬೇಕಾದ್ರೆ ನೀನೇ ನೋಡು."

ಅತ್ತೆ ದುರ್ಬೀನು ಕಿತ್ತುಕೊಂಡಳು. ಮೊದಲು ತನ್ನ ಗೊನೆಗಳನ್ನು ನೋಡಿ ಸಮಾಧಾನವಾದ ಮೇಲೆ ಚುಕ್ಕೆ ನೋಡಿದಳು. "ಇದು ಆ ಕಡೇದಕ್ಕಿಂತ ಒಂಚೂರು ಕಮ್ಮಿ, ಈ ಕಡೇದಕ್ಕಿಂತ ಒಂಚೂರು ಜಾಸ್ತಿ" ಎಂದಳು. ಮೇಷ್ಟ್ರು ಕುಣಿದಾಡುವುದೊಂದು ಬಾಕಿ! ಆ ವಿದ್ಯೆಯ ಮರ್ಮವೇ ಅದಂತೆ. ಬೆಳಕು ಬದಲಾಗದ ಎರಡು ನಕ್ಷತ್ರಗಳ ನಡುವೆ ಬದಲಾಗುವುದನ್ನು ಇಟ್ಟು ಕಣ್ಣಳತೆಯಲ್ಲಿ ತೂಗುವುದು. ಜೀವನವಿಡೀ ಕೊಬ್ಬರಿ ವಿಂಗಡಿಸಿದವಳಿಗೆ ಅದೇನು ಹೊಸದೆ?

ಹೊಸದಾಗಿದ್ದು ಹೊಳಪಿಗೆ ಕೊಡುವ ಅಂಕಿ. ಹೊಳಪು ಕಡಿಮೆಯಾದಷ್ಟೂ ಅಂಕಿ ದೊಡ್ಡದಾಗುತ್ತದೆ ಎಂದು ಮೇಷ್ಟ್ರು ಹೇಳಿದಾಗ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಯಾವ ಸೀಮೆ ಲೆಕ್ಕಾರೀ ಇದು? ಸಣ್ಣ ಕಾಯಿಗೆ ಯಾರಾದ್ರೂ ಜಾಸ್ತಿ ರೇಟು ಕೊಡ್ತಾರಾ?"

ವಾರವೆಲ್ಲ ಚೌಕಾಸಿ ನಡೆಯಿತು. ಮೇಷ್ಟ್ರು ಒಂದು ಅಂಕಿಯನ್ನೂ ಬಿಟ್ಟುಕೊಡಲಿಲ್ಲ. ಅತ್ತೆ ಜೀವಮಾನದಲ್ಲಿ ಸೋತ ವ್ಯಾಪಾರ ಅದೊಂದೇ.

ಮೊದಲು ಕಲಿತದ್ದು ಆರಿದ್ರಾ ನಕ್ಷತ್ರ. ಕಲಿತವಳು ಸುಮ್ಮನಿರಬಾರದೆ? ಹಿಟ್ಟಿನ ಗಿರಣಿಯಲ್ಲಿ ನಿಂತು "ಆರಿದ್ರೆ ಯಾಕೋ ಹೋದ ತಿಂಗಳಿಗಿಂತ ಮಂಕಾಗೈತೆ ಕಣ್ರೇ" ಎಂದುಬಿಟ್ಟಳು. ಮುಗೀತಲ್ಲ! ಈ ವರ್ಷ ಆರಿದ್ರೆ ಮಳೆ ಕೈಕೊಡುತ್ತದೆ ಎಂಬ ಸುದ್ದಿ ಬಸ್ಸು ಹತ್ತಿ ದಂಡಿನಶಿವರ ಮುಟ್ಟಿತು. ರಾಗಿ ಮಾರಲು ಹೊರಟಿದ್ದವರು ಗಾಡಿ ತಿರುಗಿಸಿದರು. ಆ ನಕ್ಷತ್ರದಲ್ಲಿ ಹುಟ್ಟಿದ ನಮ್ಮ ದಾಯಾದಿಯೊಬ್ಬ ಬೆವರುತ್ತಾ ಬಂದ.

"ಅಕ್ಕಾ, ನಂಗೇನಾದ್ರೂ ಆಯ್ತದಾ?"

"ನಿಂಗೇನೂ ಆಗಕಿಲ್ಲ ಬುಡ್ಲಾ. ನೀನು ಹುಟ್ಟಿದಾಗಿಂದ್ಲೂ ಮಂಕೇ!"

ಮೇಷ್ಟ್ರು ಮಾತ್ರ ನಗಲಿಲ್ಲ. "ಕಂಡಿದ್ದು ಹೇಳು, ಅರ್ಥ ಹಚ್ಚಬೇಡ. ಯಾರ ಮುಖ ನೋಡಿಕೊಂಡೂ ಹೇಳಬೇಡ, ನನ್ನ ಮುಖ ಕೂಡ" ಎಂದು ಬೈದರು. ಅತ್ತೆ ಎದುರು ಮಾತಾಡದೆ ಬೈಸಿಕೊಂಡದ್ದನ್ನು ನಾನು ಅವತ್ತೇ ನೋಡಿದ್ದು.

ಆಮೇಲೆ ಮೇಷ್ಟ್ರು ತಮ್ಮ ಪ್ರಾಣವಾಗಿದ್ದ ಮೀರಾ ಎಂಬ ನಕ್ಷತ್ರವನ್ನು ತೋರಿಸಿದರು. ಅದು ಕೆಲವು ವಾರ ಹೊಳೆದು, ನಿಧಾನಕ್ಕೆ ಮಾಯವಾಗಿ, ಹೆಚ್ಚುಕಡಿಮೆ ಹನ್ನೊಂದು ತಿಂಗಳಿಗೆ ಮತ್ತೆ ಬೆಳಗುತ್ತದೆ. ಅಟ್ಟಕ್ಕೇರಿಸಿದ ಕಾಯಿ ಒಣಗಿ ಕೊಬ್ಬರಿಯಾಗುವುದಕ್ಕೂ ನಮ್ಮಲ್ಲಿ ಸುಮಾರು ಅಷ್ಟೇ ಕಾಲ! ಅತ್ತೆಗೆ ಇಷ್ಟು ಸಾಕಾಯಿತು. ವ್ಯಾಪಾರಿ ಬಂದು "ಕೊಬ್ಬರಿ ಯಾವಾಗ ಇಳಿಸ್ತೀರವ್ವಾ?" ಎಂದರೆ, "ಚುಕ್ಕೆ ಬರ್ಲಿ ತಡಿಯಪ್ಪ" ಎನ್ನುವಳು. ಆತ ನಮ್ಮಪ್ಪನನ್ನು ಮರೆಗೆ ಕರೆದು "ಅಮ್ಮಾವ್ರು ಹುಷಾರಾಗವ್ರಾ?" ಎಂದು ಕೇಳಿದನಂತೆ.

ಮೀರಾ ಮತ್ತೆ ಬೆಳಗಬೇಕಾದ ಡಿಸೆಂಬರ್ ಬಂತು. ಒಂದು ಸಂಜೆ, ದೀಪ ಹಚ್ಚಿದ ಮೇಲೆ, ಮೇಷ್ಟ್ರು, ಅತ್ತೆ, ನಾನು ಮೂವರೂ ಮಾಳಿಗೆ ಹತ್ತಿದೆವು. ಮೇಷ್ಟ್ರು ಬಹಳ ಹೊತ್ತು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

"ಇನ್ನೂ ಬಂದಿಲ್ಲ ಕಣಮ್ಮ. ಈ ವರ್ಷ ಆಕಾಶವೇ ಸರಿಯಿಲ್ಲ, ದಿನಾ ಮಬ್ಬು."

"ಹೌದು ಸಾರ್, ಮಬ್ಬು" ಎಂದು ನಾನು ತಲೆಯಾಡಿಸಿದೆ. ದೊಡ್ಡವರು ಹೇಳಿದ ಮೇಲೆ ಇನ್ನೇನು? ಆದರೆ ಮಬ್ಬೆಲ್ಲಿತ್ತು! ಆಕಾಶ ತೊಳೆದಿಟ್ಟ ಹಾಗಿತ್ತು. ಮೀರಾ ನನ್ನ ಬರಿಗಣ್ಣಿಗೇ ಕಾಣುತ್ತಿತ್ತು.

ಊರನ್ನೇ ನಡುಗಿಸಿದ ಅತ್ತೆಯ ಬಾಯಿ ಎರಡು ಸಲ ತೆರೆದು ಮುಚ್ಚಿಕೊಂಡಿತು. ಕೊನೆಗೆ ಮೇಷ್ಟ್ರ ತೋಳು ಹಿಡಿದು, ಅವಳದಲ್ಲವೇನೋ ಎನ್ನುವಂಥ ಸಣ್ಣ ದನಿಯಲ್ಲಿ ಹೇಳಿದಳು.

"ಬಂದೈತೆ ಮೇಷ್ಟ್ರೇ. ಮಬ್ಬು ಆಕಾಶದಾಗಿಲ್ಲ."

ನನಗೆ ಅತ್ತೆಯ ಮೇಲೆ ಸಿಟ್ಟು ಬಂತು, ಅವಳ ಕಡೆ ತಿರುಗಿದೆ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಮೇಷ್ಟ್ರು ದುರ್ಬೀನಿನ ಪಟ್ಟಿಯನ್ನು ತಮ್ಮ ಕೊರಳಿಂದ ತೆಗೆದು ಅವಳ ಕೊರಳಿಗೆ ಹಾಕಿದರು. "ಅಳಬೇಡ, ಕಣ್ಣು ಒದ್ದೆಯಾದ್ರೆ ಅಳತೆ ತಪ್ಪುತ್ತೆ. ಎಷ್ಟೈತೆ ನೋಡಿ ಹೇಳು" ಎಂದು ಮಾಳಿಗೆಯ ಗೋಡೆಗೆ ಒರಗಿ ಕೂತರು.

ಅತ್ತೆ ನೋಡಿದಳು. ಮೇಲಿನ ಚುಕ್ಕೆಗಿಂತ ಇಷ್ಟು ಕಮ್ಮಿ, ಕೆಳಗಿನದಕ್ಕಿಂತ ಇಷ್ಟು ಜಾಸ್ತಿ ಎಂದು ತೂಗಿ, ತಡವರಿಸದೆ ಹೇಳಿದಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

"ಸರಿ" ಎಂದರು. "ನಾನು ನೋಡಿದ್ರೂ ಅಷ್ಟೇ ಹೇಳ್ತಿದ್ದೆ."